ಕೆಂಪು ದಾರ ನೆಲ ಮುಟ್ಟುವಂತಿರಬೇಕು

ಊರಿನವರು ಫೋನಿನಲ್ಲಿ ಏನು ಕೆಲಸ ಅಂತ ಕೇಳುತ್ತಾರೆ. ನಾನು 'ವಾರ್ಡನ್' ಅಂದರೆ ಮುಂದಿನ ಪ್ರಶ್ನೆ 'ಯಾವ ಹಾಸ್ಟೆಲ್?' ಅಂತಲೇ ಬರುತ್ತದೆ. ಚಿಕ್ಕಮ್ಮ ಒಬ್ಬರು ಜೈಲಿನ ಕೆಲಸ ಅಂದುಕೊಂಡು ತುಂಬಾ ದಿನ ಗಾಬರಿಯಾಗಿದ್ದರು. ನಮ್ಮಲ್ಲಿ ಆ ಪದಕ್ಕೆ ಗದರುವ ದನಿಯೂ ಬೀಗದ ಕೈ ಗೊಂಚಲೂ ಅಂಟಿಕೊಂಡಿವೆ. ಬೀಗದ ಕೈ ನನ್ನ ಹತ್ತಿರವೂ ಇದೆ. ವಯಸ್ಸಾದವರು ಇರುವ ಒಂದು ಕಟ್ಟಡದ 38 ಮನೆಗಳ ಬಾಗಿಲನ್ನೂ ತೆಗೆಯುವ ಒಂದೇ ಒಂದು ಮಾಸ್ಟರ್ ಕೀ. ಆದರೆ ಅದು ಇದ್ದೂ ಬಾಗಿಲು ತಟ್ಟಿ ಹೊರಗೆ ಕಾಯುವುದೇ ನನ್ನ ಕೆಲಸ. ಇದನ್ನು ಒಂದೇ ಮಾತಿನಲ್ಲಿ ಫೋನಿನಲ್ಲಿ ಹೇಳಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಏರು ಇಳಿಜಾರಿನ ಊರು. ಉಕ್ಕಿನ ಊರು. 1913ರಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕು ತಯಾರಿಸಿದ್ದು ಇಲ್ಲೇ. ಚಾಕು, ಚಮಚ, ಕತ್ತರಿ ಮಾಡುವ ಕೈಗಳು ತಲೆಮಾರುಗಳಿಂದ ಇಲ್ಲಿದ್ದವು. ಆ ಕೈಗಳಲ್ಲಿ ಕೆಲವಕ್ಕೆ ಈಗ ವಯಸ್ಸಾಗಿದೆ, ಬೆರಳು ಸೊಟ್ಟಗಾಗಿವೆ. ನಮ್ಮ ಕಟ್ಟಡದಲ್ಲಿ ಇರುವುದು ಅಂಥವರೇ ಜಾಸ್ತಿ. ಗಂಡನ ಕೆಲಸದ ವೀಸಾದ ಜೊತೆ ನಾನು ಬಂದೆ. ಮೊದಲು ಎರಡು ವರ್ಷ ಕೇರರ್ ಆಗಿ ಮನೆ ಮನೆಗೆ ಹೋಗುತ್ತಿದ್ದೆ. ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ಮಾತ್ರೆ ಕೊಡುವುದು, ಮುಂದಿನ ಮನೆಗೆ ಓಡುವುದು. ಆಮೇಲೆ ಈ ಕೆಲಸ ಸಿಕ್ಕಿತು.

ಇದಕ್ಕೆ ಇಲ್ಲಿ ಶೆಲ್ಟರ್ಡ್ ಹೌಸಿಂಗ್ ಅನ್ನುತ್ತಾರೆ. ವೃದ್ಧಾಶ್ರಮ ಅಂದುಕೊಳ್ಳಬೇಡಿ. ಕೇರ್ ಹೋಮ್ ಕೂಡ ಅಲ್ಲ. ಒಂದು ಕಟ್ಟಡ, ಅದರಲ್ಲಿ ಚಿಕ್ಕ ಚಿಕ್ಕ ಮನೆಗಳು. ಪ್ರತಿಯೊಬ್ಬರಿಗೂ ಸ್ವಂತ ಮುಂಬಾಗಿಲು, ಸ್ವಂತ ಅಡುಗೆಮನೆ, ಬಾಡಿಗೆ ಕರಾರು. ಎಲ್ಲರೂ ಸೇರುವುದಕ್ಕೆ ಕೆಳಗೆ ಒಂದು ಲೌಂಜ್, ಬಟ್ಟೆ ಒಗೆಯುವ ಕೋಣೆ, ನೆಂಟರು ಬಂದರೆ ಒಂದು ಗೆಸ್ಟ್ ರೂಮ್. ನಮ್ಮ ಕಟ್ಟಡಕ್ಕೆ 60 ದಾಟಿದವರು ಬರುತ್ತಾರೆ. ಈಗಿರುವವರಲ್ಲಿ ಹೆಚ್ಚಿನವರಿಗೆ 80 ದಾಟಿದೆ. ಅವರು ಬಾಡಿಗೆದಾರರು, ರೋಗಿಗಳಲ್ಲ. ಈ ವ್ಯತ್ಯಾಸ ನನ್ನ ತಲೆಗೆ ಇಳಿಯಲು ಸಮಯ ಹಿಡಿಯಿತು. ಕೇರರ್ ಆಗಿದ್ದವಳಿಗೆ ಕೈ ತಾನಾಗಿ ಮುಂದೆ ಹೋಗುತ್ತದೆ. ಇಲ್ಲಿ ನಾನು ಯಾರಿಗೂ ಸ್ನಾನ ಮಾಡಿಸುವಂತಿಲ್ಲ. ಮಾತ್ರೆ ಕೊಡುವಂತಿಲ್ಲ. ಬಿದ್ದವರನ್ನು ಎತ್ತುವಂತೆಯೂ ಇಲ್ಲ.

ಹಾಗಾದರೆ ಮಾಡುವುದೇನು?

ಬೆಳಿಗ್ಗೆ ಎಂಟೂವರೆಗೆ ಆಫೀಸಿನ ಬಾಗಿಲು ತೆಗೆಯುತ್ತೇನೆ. ರಾತ್ರಿ ಯಾರು ಅಲಾರಂ ಒತ್ತಿದರು ಅಂತ ನೋಡುತ್ತೇನೆ. ಆಮೇಲೆ ಬೆಳಗಿನ ಕರೆ. ಇಂಟರ್‌ಕಾಮ್‌ನಲ್ಲಿ ಒಂದೊಂದೇ ಮನೆಗೆ, 'ಗುಡ್ ಮಾರ್ನಿಂಗ್, ಹೇಗಿದ್ದೀರಿ?' ಬೇಡ ಅಂದವರಿಗೆ ಮಾಡುವುದಿಲ್ಲ, ಬೇಡ ಅನ್ನುವುದು ಅವರ ಹಕ್ಕು. ಉತ್ತರ ಬಹಳ ಚಿಕ್ಕದು. 'ಇನ್ನೂ ಇದ್ದೀನಿ, ಲವ್.' ಇಲ್ಲಿ ಎಲ್ಲರೂ ಎಲ್ಲರನ್ನೂ 'ಲವ್' ಅಂತಲೇ ಕರೆಯುವುದು. ನಮ್ಮ 'ಮಗಾ', 'ಪುಟ್ಟಾ' ಇದ್ದ ಹಾಗೆ. ಆ ಎರಡು ಮಾತಿನಲ್ಲೇ ತುಂಬಾ ಗೊತ್ತಾಗುತ್ತದೆ. ದನಿ ಒಣಗಿದೆಯಾ, ಉಸಿರು ಮೇಲೆ ಬಂದಿದೆಯಾ, ನಿನ್ನೆ ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದಾರಾ. ಕನ್ನಡದಲ್ಲಿ 'ನೋಡಿಕೊಳ್ಳುವುದು' ಅನ್ನುತ್ತೇವೆ ಅಲ್ವಾ? ಆ ಪದದ ಒಳಗೇ 'ನೋಡು' ಇದೆ. ನನ್ನ ಕೆಲಸ ಅಲ್ಲೇ ಇದೆ. ಕೈ ಹಾಕುವುದು ಕಡಿಮೆ, ನೋಡುವುದು ಜಾಸ್ತಿ.

ಬುಧವಾರ ಹತ್ತು ಗಂಟೆಗೆ ಬೆಂಕಿ ಅಲಾರಂ ಪರೀಕ್ಷೆ. ಅದಕ್ಕೆ ಐದು ನಿಮಿಷ ಮೊದಲು ನಾನು 27ನೇ ನಂಬರಿನ ಬಾಗಿಲು ತಟ್ಟುತ್ತಿದ್ದೆ. ಅಲ್ಲಿದ್ದ ಅಜ್ಜನಿಗೆ 91 ವರ್ಷ. 1940ರ ಡಿಸೆಂಬರ್ 12 ಮತ್ತು 15ರ ರಾತ್ರಿ ಜರ್ಮನ್ ವಿಮಾನಗಳು ಶೆಫೀಲ್ಡ್ ಮೇಲೆ ಬಾಂಬ್ ಹಾಕಿದಾಗ ಅವರು ಆರು ವರ್ಷದ ಹುಡುಗ. ಸೈರನ್ ಕೂಗು ಅವರ ಮೈಯಲ್ಲಿ ಇನ್ನೂ ಹಾಗೇ ಇತ್ತು. ಹೇಳದೆ ಅಲಾರಂ ಹೊಡೆದರೆ ಆ ದಿನವೆಲ್ಲಾ ಮಾತಾಡುತ್ತಿರಲಿಲ್ಲ. ಮೊದಲೇ ಹೇಳಿದರೆ ಸುಮ್ನೆ ಕುರ್ಚಿಯ ಕೈ ಹಿಡಿದು ಕೂರುತ್ತಿದ್ದರು. ಇದು ಯಾವ ನಿಯಮದಲ್ಲೂ ಬರೆದಿಲ್ಲ. ನನಗೆ ಹೇಳಿಕೊಟ್ಟವರು ಪಕ್ಕದ ಮನೆಯವರು.

ಹಿಂದೆ ವಾರ್ಡನ್ ಅದೇ ಕಟ್ಟಡದಲ್ಲೇ ಇರುತ್ತಿದ್ದರಂತೆ. ಕೆಳಗಿನ ಒಂದು ಮನೆ ಅವರದು. ರಾತ್ರಿ ಎರಡು ಗಂಟೆಗೆ ಕರೆದರೂ ಗೌನ್ ಹಾಕಿಕೊಂಡು ಬರುತ್ತಿದ್ದರು. ಹಳಬರು ಈಗಲೂ ಅದನ್ನು ನೆನೆಯುತ್ತಾರೆ. 2003ರಲ್ಲಿ 'ಸಪೋರ್ಟಿಂಗ್ ಪೀಪಲ್' ಅನ್ನುವ ಸರ್ಕಾರಿ ನಿಧಿ ಬಂತು. ಇಂಥ ಮನೆಗಳ ಬೆಂಬಲಕ್ಕೆ ಹಣ ಅದರಿಂದ ಬರುತ್ತಿತ್ತು. 2009ರಲ್ಲಿ ಆ ಹಣವನ್ನು ಇದಕ್ಕೇ ಖರ್ಚು ಮಾಡಬೇಕು ಅನ್ನುವ ಕಟ್ಟು ತೆಗೆದರು. ಕೌನ್ಸಿಲ್‌ಗಳ, ಅಂದರೆ ಸ್ಥಳೀಯ ಆಡಳಿತಗಳ, ಬಜೆಟ್ ಕುಗ್ಗಿದ ಹಾಗೆ ವಾರ್ಡನ್‌ಗಳೂ ಕಡಿಮೆಯಾದರು. ಹೆಸರೂ ಬದಲಾಯಿತು. ನನ್ನ ಬ್ಯಾಡ್ಜ್ ಮೇಲೆ 'ಸ್ಕೀಮ್ ಮ್ಯಾನೇಜರ್' ಅಂತಿದೆ. ಇಲ್ಲಿಯ ಅಜ್ಜಿಯರು ಮಾತ್ರ ವಾರ್ಡನ್ ಅನ್ನುವುದನ್ನು ಬಿಟ್ಟಿಲ್ಲ. ನಾನು ಸೋಮವಾರದಿಂದ ಶುಕ್ರವಾರ, ಹಗಲು ಮಾತ್ರ. ಸಂಜೆ ಬಸ್ ಹತ್ತಿ ಮನೆಗೆ ಬರುತ್ತೇನೆ. ಆಮೇಲೆ ಆ 38 ಮನೆಗಳಿಗೆ ಉಳಿಯುವುದು ಕೆಂಪು ದಾರ.

ಆ ದಾರದ ಬಗ್ಗೆ ಸ್ವಲ್ಪ ಹೇಳಬೇಕು. ಇಲ್ಲಿ ಅದಕ್ಕೆ ಪುಲ್ ಕಾರ್ಡ್ ಅನ್ನುತ್ತಾರೆ. ಮಲಗುವ ಕೋಣೆ, ಹಾಲ್, ಬಚ್ಚಲುಮನೆಯಲ್ಲಿ ಚಾವಣಿಯಿಂದ ಇಳಿಬಿದ್ದಿರುತ್ತದೆ. ಎಳೆದರೆ ಗೋಡೆಯ ಪೆಟ್ಟಿಗೆಯಿಂದ ದನಿ ಬರುತ್ತದೆ. ಹಗಲು ನನ್ನ ದನಿ. ರಾತ್ರಿ ಎಲ್ಲೋ ದೂರದ ಕಂಟ್ರೋಲ್ ಸೆಂಟರ್‌ನವರ ದನಿ. ಅವರು ಆಂಬುಲೆನ್ಸ್ ಕರೆಯುತ್ತಾರೆ, ಮಗಳಿಗೆ ಫೋನ್ ಮಾಡುತ್ತಾರೆ. ಆ ದಾರ ನೆಲಕ್ಕೆ ನಾಲ್ಕು ಬೆರಳಿನಷ್ಟು ಹತ್ತಿರ ಬರಬೇಕು. ಯಾಕೆಂದರೆ ಬಿದ್ದವರ ಕೈ ಎಟಕುವುದು ಅಷ್ಟಕ್ಕೇ. ಆದರೆ ನೆಲದವರೆಗೆ ಬಂದ ದಾರ ಎಲ್ಲದಕ್ಕೂ ಅಡ್ಡ. ವ್ಯಾಕ್ಯೂಮ್ ಕ್ಲೀನರ್‌ಗೆ ಸಿಕ್ಕುತ್ತದೆ. ಮೊಮ್ಮಗು ಎಳೆಯುತ್ತದೆ. ದೀಪದ ದಾರ ಅಂದುಕೊಂಡು ನೆಂಟರು ಎಳೆಯುತ್ತಾರೆ. ಆಗ ಜನ ಏನು ಮಾಡುತ್ತಾರೆ? ಗಂಟು ಹಾಕಿ ಮೇಲೆ ಕಟ್ಟಿಬಿಡುತ್ತಾರೆ.

12ನೇ ನಂಬರಿನ ಅಜ್ಜಿ ಹಾಗೇ ಕಟ್ಟಿದ್ದರು. ಒಂದು ಗುರುವಾರ ಅವರ ಬಚ್ಚಲುಮನೆಯ ಬಲ್ಬ್ ಬಗ್ಗೆ ದೂರು ಬರೆದುಕೊಳ್ಳಲು ಹೋದಾಗ ನೋಡಿದೆ. ಬಿಚ್ಚಿ ಕೆಳಗೆ ಬಿಟ್ಟೆ. 'ಹಾಗೇ ಇರಲಿ' ಅಂದೆ. ಅವರು ನಕ್ಕರು. ನಾನು ಹೊರಟ ಮೇಲೆ ಮತ್ತೆ ಕಟ್ಟಿದರು. ಅದು ನನಗೆ ಗೊತ್ತಾಗಿದ್ದು ಭಾನುವಾರ.

ಶನಿವಾರ ರಾತ್ರಿ ಹತ್ತರ ಸುಮಾರಿಗೆ ಅವರು ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು. ತಲೆಯ ಮೇಲೆ ದಾರದ ಕೆಂಪು ಗಂಟು ಕಾಣುತ್ತಿತ್ತಂತೆ, ಎಟಕುತ್ತಿರಲಿಲ್ಲ. ಕೊರಳಿಗೆ ಹಾಕಿಕೊಳ್ಳುವ ಅಲಾರಂ ಗುಂಡಿ, ಅಂದರೆ ಪೆಂಡೆಂಟ್, ಹಾಸಿಗೆಯ ಪಕ್ಕ ಇತ್ತು. ಬೆಳಿಗ್ಗೆ ಹನ್ನೊಂದಕ್ಕೆ 14ನೇ ನಂಬರಿನವರು ಹೊರಗೆ ಬಂದಾಗ ಅಜ್ಜಿಯ ಬಾಗಿಲಲ್ಲಿ ಪೇಪರ್ ಹಾಗೇ ಸಿಕ್ಕಿಕೊಂಡಿತ್ತು. ಅವರು ಕೂಗಿದರು, ತಮ್ಮ ಮನೆಗೆ ಹೋಗಿ ತಮ್ಮ ದಾರ ಎಳೆದರು. ಹದಿಮೂರು ಗಂಟೆ ಆ ಅಜ್ಜಿ ತಣ್ಣನೆಯ ನೆಲದ ಮೇಲೆ ಇದ್ದರು. ನನಗೂ ಫೋನ್ ಬಂತು, ಹೋದೆ. ಎತ್ತುವಂತಿಲ್ಲ. ಹೊದಿಕೆ ಹೊದಿಸಿ, ಪಕ್ಕದಲ್ಲಿ ನೆಲದ ಮೇಲೆ ಕೂತು ಕೈ ಹಿಡಿದುಕೊಂಡೆ. ಆಂಬುಲೆನ್ಸ್ ಬರುವ ತನಕ ಅವರು ನನಗೇ ಸಮಾಧಾನ ಹೇಳುತ್ತಿದ್ದರು.

ಏಳು ವಾರದ ಮೇಲೆ ಅವರು ವಾಪಸ್ ಬಂದರು, ವಾಕರ್ ಹಿಡಿದುಕೊಂಡು. ಆ ಏಳು ವಾರ ನಾನು ಗುರುವಾರದ ಆ ಐದು ನಿಮಿಷವನ್ನು ಎಷ್ಟು ಸಲ ನೆನೆಸಿಕೊಂಡೆನೋ ಲೆಕ್ಕವಿಲ್ಲ. ನಾನು ದಾರ ಬಿಚ್ಚಿದೆ. ಆದರೆ ಯಾಕೆ ಕಟ್ಟಿದಿರಿ ಅಂತ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು. ಸ್ನಾನ ಮಾಡುವಾಗ ದಾರ ಒದ್ದೆ ಕಾಲಿಗೆ ತಾಗಿದರೆ ಅವರಿಗೆ ಹೆದರಿಕೆ ಆಗುತ್ತಿತ್ತು, ಅಷ್ಟೇ. ದಾರವನ್ನು ಗೋಡೆಯ ಕಡೆ ಒಂದು ಗೇಣು ಸರಿಸಿದರೆ ಮುಗಿಯುವ ವಿಷಯ. ಈಗ ಸರಿಸಿದ್ದಾರೆ. ಅವತ್ತಿನಿಂದ ನಾನು ಯಾರ ಮನೆಯಲ್ಲೂ ದಾರ ಬಿಚ್ಚುವುದಿಲ್ಲ. ಯಾಕೆ ಕಟ್ಟಿದ್ದೀರಿ ಅಂತ ಕೇಳುತ್ತೇನೆ. ತಿಂಗಳಿಗೊಮ್ಮೆ ಅಲಾರಂ ಪರೀಕ್ಷೆಯ ದಿನ ದಾರವನ್ನು ನಾನು ಎಳೆಯುವುದಿಲ್ಲ, ಅವರ ಕೈಯಲ್ಲೇ ಎಳೆಸುತ್ತೇನೆ.

ಇಲ್ಲಿಯ ಫ್ರಿಜ್‌ಗಳಲ್ಲಿ ಒಂದು ಹಸಿರು ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಲಯನ್ಸ್ ಕ್ಲಬ್‌ನವರು ಹಂಚುವುದು. ಒಳಗೆ ಒಂದು ಕಾಗದ. ಏನು ಕಾಯಿಲೆ, ಯಾವ ಮಾತ್ರೆ, ಯಾವುದು ಆಗುವುದಿಲ್ಲ, ಯಾರಿಗೆ ಫೋನ್ ಮಾಡಬೇಕು. ಬಾಗಿಲಿನ ಒಳಗೆ ಹಸಿರು ಸ್ಟಿಕ್ಕರ್ ಇದ್ದರೆ ಆಂಬುಲೆನ್ಸ್‌ನವರು ಸೀದಾ ಫ್ರಿಜ್ ತೆಗೆಯುತ್ತಾರೆ. ಯಾಕೆ ಫ್ರಿಜ್? ಯಾವ ಮನೆಯಲ್ಲಾದರೂ ಹುಡುಕದೆ ಸಿಗುವ ಜಾಗ ಅದು. ಊರಿನಲ್ಲಿ ಒಬ್ಬರೇ ಇರುವ ಅಪ್ಪ ಅಮ್ಮ ಇದ್ದರೆ ಇದನ್ನು ಇವತ್ತೇ ಮಾಡಬಹುದು. ಯಾವ ಡಬ್ಬಿಯಾದರೂ ಆಗುತ್ತದೆ.

27ನೇ ನಂಬರಿನ ಅಜ್ಜನ ಕಥೆಗೆ ಮತ್ತೆ ಬರುತ್ತೇನೆ. ಅವರ ಕಾಲಿನಲ್ಲಿ ಹುಣ್ಣು ಆಗಿತ್ತು. ಆಸ್ಪತ್ರೆಗೆ ಬರುವುದಿಲ್ಲ ಅಂದರು. ಮನೆಯ ತುಂಬಾ ಹಳೆಯ ಪೇಪರ್, ತೆಗೆಯಲು ಬಿಡುವುದಿಲ್ಲ. ಅವರ ಮಗಳು ಆಸ್ಟ್ರೇಲಿಯಾದಿಂದ ಫೋನ್ ಮಾಡಿ ಅತ್ತರು, ಬೈದರು. 'ನೀವು ವಾರ್ಡನ್ ಅಲ್ಲವಾ? ಬಲವಂತ ಮಾಡಿ ಕಳಿಸಿ.' ನಾನು ದೂರದ ದೇಶದಲ್ಲಿರುವ ಮಗಳೇ. ಅವರ ಸಂಕಟ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಆಗುವುದಿಲ್ಲ ಅಂದೆ.

ಇಲ್ಲಿ 2005ರ ಒಂದು ಕಾನೂನು ಇದೆ, ಮೆಂಟಲ್ ಕೆಪ್ಯಾಸಿಟಿ ಆಕ್ಟ್. ಅದರ ಮೊದಲ ಪುಟದಲ್ಲೇ ಒಂದು ಮಾತಿದೆ. ಒಬ್ಬರು ಜಾಣತನವಲ್ಲದ ನಿರ್ಧಾರ ಮಾಡಿದರು ಅನ್ನುವ ಒಂದೇ ಕಾರಣಕ್ಕೆ ಅವರಿಗೆ ನಿರ್ಧಾರ ಮಾಡುವ ಶಕ್ತಿ ಇಲ್ಲ ಅನ್ನುವಂತಿಲ್ಲ. ತರಬೇತಿಯಲ್ಲಿ ಇದನ್ನು ಮೊದಲ ಸಲ ಕೇಳಿದಾಗ ನನಗೆ ಒಪ್ಪಿಗೆಯಾಗಲಿಲ್ಲ. ಹಿರಿಯರು ಹಟ ಮಾಡಿದರೆ ಮನೆಯವರು ಸೇರಿ ಕರೆದುಕೊಂಡು ಹೋಗುತ್ತೇವೆ. ಅದೇ ಪ್ರೀತಿ ಅಂತ ಕಲಿತವಳು ನಾನು. ಡಾಕ್ಟರ್ ಬಂದು ಅಜ್ಜನ ಜೊತೆ ಮುಕ್ಕಾಲು ಗಂಟೆ ಮಾತಾಡಿದರು. ಹುಣ್ಣು ಹೆಚ್ಚಾದರೆ ಏನಾಗುತ್ತದೆ ಅಂತ ಅಜ್ಜನೇ ವಿವರಿಸಿದರು. ಎಲ್ಲಾ ಗೊತ್ತಿದ್ದೇ ಬೇಡ ಅಂದಿದ್ದರು. ಅಲ್ಲಿಗೆ ಕಾನೂನಿನ ಮಾತು ಮುಗಿಯಿತು.

ಆದರೆ ನನ್ನ ಕೆಲಸ ಮುಗಿಯಲಿಲ್ಲ. ಬೇಡ ಅಂದವರನ್ನು ಅಲ್ಲೇ ಬಿಟ್ಟು ಹೋಗುವುದು ಗೌರವ ಅಲ್ಲ. ದಿನಾ ಬಾಗಿಲು ತಟ್ಟಿದೆ. ಕಾಲಿನ ಸುದ್ದಿ ಎತ್ತಲಿಲ್ಲ. ಪೇಪರ್‌ಗಳ ಬಗ್ಗೆ ಕೇಳಿದೆ. ಅವೆಲ್ಲಾ ಅವರ ಫುಟ್ಬಾಲ್ ತಂಡದ ಸುದ್ದಿ ಇದ್ದ ಪುಟಗಳು, ಹೆಂಡತಿ ಕತ್ತರಿಸಿ ಇಡುತ್ತಿದ್ದದ್ದು. ಮೂರನೇ ವಾರ ಅವರೇ ಕೇಳಿದರು, 'ನರ್ಸ್ ಇಲ್ಲಿಗೇ ಬರ್ತಾಳಾ?' ಬರುತ್ತಾರೆ ಅಂದೆ. ವಾರಕ್ಕೆ ಎರಡು ಸಲ ಡಿಸ್ಟ್ರಿಕ್ಟ್ ನರ್ಸ್ ಬಂದು ಕಟ್ಟು ಕಟ್ಟಿದರು. ನರ್ಸ್ ಕೂರುವಷ್ಟು ಜಾಗಕ್ಕೆ ಒಂದು ಕಟ್ಟು ಪೇಪರನ್ನು ನಾವಿಬ್ಬರೂ ಸೇರಿ ಸರಿಸಿದೆವು. ಅವರು ಕೊನೆಗೂ ಆಸ್ಪತ್ರೆಗೆ ಹೋಗಲಿಲ್ಲ. ಫೆಬ್ರವರಿಯಲ್ಲಿ ತಮ್ಮ ಕುರ್ಚಿಯಲ್ಲೇ ತೀರಿಕೊಂಡರು. ಮಗಳು ಬಂದು ಆ ಕುರ್ಚಿಯನ್ನು ತುಂಬಾ ಹೊತ್ತು ನೋಡುತ್ತಾ ನಿಂತಿದ್ದರು. ಬಲವಂತ ಮಾಡಿದ್ದರೆ ಇನ್ನೊಂದು ವರ್ಷ ಇರುತ್ತಿದ್ದರೇನೋ. ಆ ಪ್ರಶ್ನೆ ನನ್ನ ಜೊತೆ ಈಗಲೂ ಇದೆ.

ಇಂಗ್ಲೆಂಡಿನಲ್ಲಿ ಮಕ್ಕಳು ತಂದೆ ತಾಯಿಯನ್ನು ಬಿಟ್ಟುಬಿಡುತ್ತಾರೆ ಅನ್ನುವ ಮಾತು ಊರಿನಲ್ಲಿ ಸಲೀಸಾಗಿ ಬರುತ್ತದೆ. ನಾನು ನೋಡಿದ್ದು ಹಾಗಿಲ್ಲ. ಭಾನುವಾರ ನಮ್ಮ ಕಾರ್ ಪಾರ್ಕ್‌ನಲ್ಲಿ ಜಾಗ ಇರುವುದಿಲ್ಲ. ಮಗನ ಮನೆಗೆ ಬಾ ಅಂದರೂ ಹೋಗದವರು ಇಲ್ಲಿ ಬಹಳ. 'ನನ್ನ ಬಾಗಿಲು ನನಗಿರಲಿ' ಅನ್ನುತ್ತಾರೆ. ಯಾರೂ ಬಾರದವರೂ ಇದ್ದಾರೆ. ಆ ಎರಡನ್ನೂ ಒಂದೇ ಮಾತಿನಲ್ಲಿ ಹೇಳಬಾರದು.

ಹಣದ ವಿಷಯ. ಅಟೆಂಡೆನ್ಸ್ ಅಲವೆನ್ಸ್ ಅಂತ ಒಂದು ಇದೆ. ಪಿಂಚಣಿ ವಯಸ್ಸು ದಾಟಿ, ಕಾಯಿಲೆಯಿಂದ ಇನ್ನೊಬ್ಬರ ನೆರವು ಬೇಕಾದವರಿಗೆ. 2025-26ರಲ್ಲಿ ವಾರಕ್ಕೆ 73.90 ಪೌಂಡ್, ಜಾಸ್ತಿ ನೆರವು ಬೇಕಾದವರಿಗೆ 110.40 ಪೌಂಡ್. ಎಷ್ಟು ಆದಾಯ ಇದೆ ಅಂತ ಕೇಳುವುದಿಲ್ಲ. ಆದರೆ ಫಾರ್ಮ್ ಕೇಳುವ ಪ್ರಶ್ನೆಗಳು ಕಷ್ಟ. ಬಟ್ಟೆ ಹಾಕಿಕೊಳ್ಳಲು ತೊಂದರೆ ಇದೆಯೇ? ರಾತ್ರಿ ಎಷ್ಟು ಸಲ ಏಳಬೇಕು? ಶೌಚಕ್ಕೆ ಸಹಾಯ ಬೇಕೇ? ಜೀವನವಿಡೀ ಕೈ ಚಾಚದ ಜನ ಇವರು. ಎಲ್ಲದಕ್ಕೂ 'ನಾನು ನಿಭಾಯಿಸುತ್ತೇನೆ' ಅಂತ ಬರೆಯುತ್ತಾರೆ. ಹಾಗೆ ಬರೆದರೆ ಹಣ ಬರುವುದಿಲ್ಲ. ಒಬ್ಬ ಅಜ್ಜಿಯ ಪಕ್ಕ ಕೂತು ಆ ಫಾರ್ಮ್ ತುಂಬಲು ಮೂರು ಮಧ್ಯಾಹ್ನ ಬೇಕಾಯಿತು. ಕಾಲುಚೀಲ ಹಾಕಿಕೊಳ್ಳಲು ಎಷ್ಟು ಹೊತ್ತು ಬೇಕು ಅಂತ ಕೇಳಿದೆ. ಇಪ್ಪತ್ತು ನಿಮಿಷ ಅಂದರು. ಅದನ್ನು ಬರೆಯೋಣ ಅಂದಾಗ ಅವರ ಕಣ್ಣು ತುಂಬಿತು. ಅಷ್ಟು ದಿನ ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹಣ ಬಂತು. ಆದರೆ ಆ ಸಾಲು ಬರೆಸಿದ್ದು ಅವರಿಗೆ ನೋವಾಯಿತು, ನನಗೂ ಆಯಿತು.

31ನೇ ನಂಬರಿನವರು 'ಬಫರ್ ಗರ್ಲ್' ಆಗಿದ್ದವರು. ಚಮಚ, ಫೋರ್ಕ್‌ಗಳಿಗೆ ತಿರುಗುವ ಚಕ್ರದ ಮೇಲೆ ಹೊಳಪು ಕೊಡುವ ಹೆಂಗಸರನ್ನು ಈ ಊರಿನಲ್ಲಿ ಹಾಗೆ ಕರೆಯುತ್ತಿದ್ದರು. ಮೈಗೆ ಕಂದು ಕಾಗದ ಸುತ್ತಿಕೊಂಡು, ತಲೆಗೆ ಬಟ್ಟೆ ಕಟ್ಟಿ ಕೆಲಸ ಮಾಡುತ್ತಿದ್ದರು. ಮನೆಗೆ ಹೋಗುವಾಗ ಮುಖವೆಲ್ಲಾ ಕರಿ. ಅವರು ನನಗೆ ಒಂದು ಚಮಚ ತೋರಿಸಿ, 'ಇದರಲ್ಲಿ ನಿನ್ನ ಕಣ್ಣಿನ ರೆಪ್ಪೆ ಎಣಿಸು' ಅಂದಿದ್ದರು. ಎಣಿಸಬಹುದಿತ್ತು. ಆ ಚಮಚ ನನಗೇ ಅಂದರು. ನಮಗೆ ಉಡುಗೊರೆ ಬಂದರೆ ರಿಜಿಸ್ಟರಿನಲ್ಲಿ ಬರೆಯಬೇಕು. 'ಒಂದು ಟೀ ಚಮಚ, ಹಳೆಯದು' ಅಂತ ಬರೆದೆ. ಮೇಲಿನವರು ಇಟ್ಟುಕೋ ಅಂದರು.

31ನೇ ನಂಬರಿನವರಿಗೆ ಯಾರೂ ಇರಲಿಲ್ಲ. ತೀರಿಕೊಂಡಾಗ ಅಂತ್ಯಕ್ರಿಯೆ ಕೌನ್ಸಿಲ್ ಮಾಡಿತು. ಯಾರೂ ಇಲ್ಲದವರ ಅಂತ್ಯಕ್ರಿಯೆ ಕೌನ್ಸಿಲ್ ಮಾಡಲೇಬೇಕು ಅಂತ 1984ರ ಕಾನೂನು ಹೇಳುತ್ತದೆ. ಬೆಳಗಿನ ಮೊದಲ ಹೊತ್ತು ಕೊಟ್ಟಿದ್ದರು. ನಾನು, 14ನೇ ನಂಬರಿನವರು, ವಾಕರ್ ಹಿಡಿದ 12ನೇ ನಂಬರಿನ ಅಜ್ಜಿ. ಮೂರೇ ಜನ. ಶವಪೆಟ್ಟಿಗೆಯ ಮೇಲೆ ಅಜ್ಜಿ ಒಂದು ತುಂಡು ಕಂದು ಕಾಗದ ಇಟ್ಟರು, ಮಡಿಸಿ. ನಡೆಸಿಕೊಡಲು ಬಂದವರಿಗೆ ಅದು ಯಾಕೆ ಅಂತ ತಿಳಿಯಲಿಲ್ಲ. ಕೇಳಿದಾಗ ಅಜ್ಜಿ ಹೇಳಿದರು. ಅವರು ಆ ವಿಷಯವನ್ನು ತಮ್ಮ ಮಾತಿನಲ್ಲಿ ಸೇರಿಸಿಕೊಂಡರು. ನನಗೆ ಅದು ತುಂಬಾ ದೊಡ್ಡದು ಅನ್ನಿಸಿತು.

ಮನೆ ಖಾಲಿಯಾದ ಮೇಲೆ ಎರಡು ತಿಂಗಳು ಯಾರೂ ಬರಲಿಲ್ಲ. ಖಾಲಿ ಮನೆಯ ಪೈಪಿನಲ್ಲಿ ನೀರು ನಿಂತರೆ ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಹಾಗಾಗಿ ವಾರಕ್ಕೊಮ್ಮೆ ಹೋಗಿ ಎಲ್ಲಾ ನಲ್ಲಿ, ಶವರ್ ಬಿಟ್ಟು ನೀರು ಹರಿಸಬೇಕು. ಮಾಸ್ಟರ್ ಕೀ ಬಳಸಿ ಒಳಗೆ ಹೋಗುವುದು ಅಲ್ಲಿ ಮಾತ್ರ. ಆದರೂ ಮೊದಲು ಬಾಗಿಲು ತಟ್ಟುತ್ತಿದ್ದೆ. ನಲ್ಲಿ ಬಿಟ್ಟು, ನೀರು ಬಿಸಿಯಾಗುವ ತನಕ ಕಿಟಕಿಯ ಹತ್ತಿರ ನಿಂತು, ಬರೆದುಕೊಂಡು ಬರುತ್ತಿದ್ದೆ.

ಹೋದ ತಿಂಗಳು ಆ ಮನೆಗೆ ಹೊಸಬರು ಬಂದರು. ಗಂಡ ತೀರಿಕೊಂಡು ವರ್ಷವಾಗಿದೆಯಂತೆ. ದೊಡ್ಡ ಮನೆ ಮಾರಿ ಬಂದಿದ್ದಾರೆ. ಪೆಟ್ಟಿಗೆಗಳ ನಡುವೆ ಕೋಟು ಬಿಚ್ಚದೆ ಕೂತಿದ್ದರು. ಪುಲ್ ಕಾರ್ಡ್ ತೋರಿಸಿದೆ. ಅವರು ಅದರ ತುದಿ ಹಿಡಿದು ಕೇಳಿದರು, 'ಇದನ್ನು ಎಳೆದರೆ ಯಾರು ಬರುತ್ತಾರೆ?'

ಸುಳ್ಳು ಹೇಳಬಾರದು ಅನ್ನಿಸಿತು. 'ಹಗಲು ನಾನು ಬರುತ್ತೇನೆ' ಅಂದೆ. 'ರಾತ್ರಿ ಒಂದು ದನಿ ಬರುತ್ತದೆ. ಆ ದನಿ ಇನ್ನೊಬ್ಬರನ್ನು ಕಳಿಸುತ್ತದೆ.'

'ಕೇಳಿಸಿ ನೋಡೋಣ' ಅಂದರು.

ಪರೀಕ್ಷೆಗೆ ಅಂತ ಅಲಾರಂ ಅನ್ನು ಕಂಟ್ರೋಲ್ ಸೆಂಟರ್‌ಗೆ ತಿರುಗಿಸಿದೆ. ಅವರು ಎಳೆದರು. ಕೆಂಪು ದೀಪ ಹತ್ತಿತು. ನಾವಿಬ್ಬರೂ ಗೋಡೆಯ ಪೆಟ್ಟಿಗೆ ನೋಡುತ್ತಾ ಕಾದೆವು. ಅರ್ಧ ನಿಮಿಷ ಆಗಿರಬಹುದು. ಅವರ ಇನ್ನೊಂದು ಕೈ ನನ್ನ ತೋಳಿನ ಮೇಲಿತ್ತು. ಆಮೇಲೆ ದನಿ ಬಂತು, 'ಹಲೋ, ನಿಮಗೆ ಏನಾದರೂ ಸಹಾಯ ಬೇಕಾ?'

'ಏನೂ ಬೇಡ, ಲವ್' ಅಂದರು ಅವರು. 'ಇದ್ದೀಯಾ ಅಂತ ನೋಡಿದೆ.'